ಕುಂಕುಮಕ್ಕೆ ಕರೆದಾಗ

ಅರಿಶಿನ ಕುಂಕುಮಕ್ಕೆ ಕರೆದರೆ ಇಲ್ಲ ಅನ್ನಬಾರದು ಎಂದು ಪ್ರಿಯಂವದಾಗೆ ಅವಳಜ್ಜಿ ಕಲಿಸಿದ್ದರು. ಮನಶ್ಶಾಸ್ತ್ರದಲ್ಲಿ ಎರಡೆರಡು ಪದವಿ ಪಡೆದು, ಹದಿನೈದು ವರ್ಷದಿಂದ ಮಲ್ಲೇಶ್ವರದಲ್ಲಿ ಆಪ್ತಸಲಹೆ ಕೊಡುತ್ತಿದ್ದರೂ ಅಜ್ಜಿಯ ಪಾಠವೇ ಗಟ್ಟಿಯಾಗಿ ಕೂತಿತ್ತು. ಯಾರಿಗೂ ಇಲ್ಲ ಅನ್ನಲಾಗದೆ ಸೊರಗಿ ಬಂದವರಿಗೆ ಇಲ್ಲ ಅನ್ನುವುದನ್ನು ಕಲಿಸುವುದೇ ಅವಳ ಕಸುಬು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ, ಹಾಗಾಯಿತು ಅವಳ ಕಥೆ.

ವೈಯಾಲಿಕಾವಲಿನ ಮಾಧವಿ ಆರು ತಿಂಗಳಿಂದ ಪ್ರತಿ ಬುಧವಾರ ಅವಳ ಹತ್ತಿರ ಬರುತ್ತಿದ್ದಳು. ಅತ್ತೆಯ ದನಿ ಕೇಳಿದರೆ ಸಾಕು, ಮಾಧವಿಗೆ ಉಸಿರು ಕಟ್ಟುತ್ತಿತ್ತು. ಮೊದಮೊದಲು ‘ಎಲ್ಲ ಚೆನ್ನಾಗಿದೆ’ ಎಂದಷ್ಟೇ ಹೇಳುತ್ತಿದ್ದವಳು ಈಚೆಗೆ ಮನಸ್ಸು ಬಿಚ್ಚತೊಡಗಿದ್ದಳು. ಆ ಅತ್ತೆ, ಮುನಿಲಕ್ಷ್ಮಮ್ಮ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕುಂಕುಮದ ಭರಣಿ ಹಿಡಿದು ಪ್ರಿಯಂವದಾಳ ಕೋಣೆಗೇ ಬಂದುಬಿಟ್ಟರು.

“ನಾಳೆ ಸಾಯಂಕಾಲ ಬರ್ಲೇಬೇಕು ಮೇಡಂ. ನಮ್ ಸೊಸೇನ ನೋಡ್ಕೊಳ್ತಿರೋರು ನೀವು. ಹಬ್ಬದ್ ದಿನ ಇಲ್ಲ ಅನ್ಬೇಡಿ.”

ಚಿಕಿತ್ಸೆಗೆ ಬರುವವರ ಮನೆಗೆ ಹೋಗಬಾರದು, ಇದು ಅವಳ ಕಸುಬಿನ ಮೊದಲ ನಿಯಮ. ಐದೇ ನಿಮಿಷ, ಹೋಗಿ ಬಂದರಾಯಿತು ಎಂದುಕೊಂಡು ಹೋದಳು. ಮಾಧವಿಯನ್ನು ಒಂದು ಮಾತು ಕೇಳಲೂ ಇಲ್ಲ, ಮಹಾತಾಯಿ.

ತಾಂಬೂಲ ಕೊಟ್ಟ ಮುನಿಲಕ್ಷ್ಮಮ್ಮ ಅವಳನ್ನು ಅಡುಗೆಮನೆಗೆ ಕರೆದೊಯ್ದು ದನಿ ತಗ್ಗಿಸಿದರು. “ನನ್ ವಿಷ್ಯ ಏನಂತಾಳೆ ಅವ್ಳು?”

“ಅದನ್ನೆಲ್ಲ ನಾನು ಹೇಳೋ ಹಾಗಿಲ್ಲಮ್ಮ,” ಎಂದು ಪ್ರಿಯಂವದಾ ನಕ್ಕಳು. ಹೇಳಿದ್ದು ಅಷ್ಟೇ. ಆದರೆ ಉಸಲಿಯ ತಟ್ಟೆ ಹಿಡಿದು ಬಾಗಿಲಾಚೆ ನಿಂತಿದ್ದ ಮಾಧವಿಗೆ ಮಾತು ಕೇಳಿಸಲಿಲ್ಲ. ಕಂಡದ್ದು ಹತ್ತಿರ ಸೇರಿದ ಎರಡು ತಲೆ, ಒಂದು ನಗು.

ಬುಧವಾರ ಬಂದವಳು ಕುರ್ಚಿಯ ಅಂಚಿನಲ್ಲಿ ಕೂತಳು. “ಎಲ್ಲ ಚೆನ್ನಾಗಿದೆ ಮೇಡಂ. ಅತ್ತೆ ತುಂಬಾ ಒಳ್ಳೆಯೋರು. ಇನ್ಮೇಲೆ ಬರೋದು ಬೇಡ ಅನ್ಸತ್ತೆ.”

ಅಡುಗೆಮನೆಯಲ್ಲಿ ತಾವಿಬ್ಬರೂ ನಿಂತದ್ದನ್ನು ಇವಳು ಕಂಡಿದ್ದಾಳೆ ಎಂದು ಪ್ರಿಯಂವದಾಗೆ ಹೊಳೆಯಿತು. ಈಗ ಎದ್ದು ಹೋದರೆ ಈ ಹುಡುಗಿ ಇನ್ನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ, ಅದೂ ತನ್ನಿಂದಾಗಿ. ‘ನಾನೇನೂ ಹೇಳಲಿಲ್ಲ’ ಎಂದು ಸಮರ್ಥಿಸಿಕೊಳ್ಳಬಹುದಿತ್ತು, ನಿಜವೂ ಹೌದು. ನಾಲಗೆಯ ತುದಿಗೆ ಬಂದದ್ದನ್ನು ನುಂಗಿದಳು.

“ಮಾಧವಿ, ನಿಮ್ಮನ್ನ ಕೇಳ್ದೆ ನಿಮ್ಮನೆಗೆ ಬಂದಿದ್ದು ನನ್ ತಪ್ಪು,” ಎಂದವಳು ಅಡುಗೆಮನೆಯಲ್ಲಿ ನಡೆದದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. “ಇನ್ಯಾವತ್ತೂ ಬರಲ್ಲ. ನನ್ ಹತ್ರ ಬೇಡ ಅನ್ಸಿದ್ರೆ ಬೇರೆಯವರ ಹೆಸರು ಕೊಡ್ತೀನಿ. ಮಾತಾಡೋದನ್ನ ಮಾತ್ರ ನಿಲ್ಲಿಸ್ಬೇಡಿ.”

ಮಾಧವಿ ಬ್ಯಾಗು ಹೆಗಲಿಗೇರಿಸಿ ಎದ್ದಳು. ಬಾಗಿಲ ತನಕ ಹೋದಳು. ಮುಗಿಯಿತು ಎಂದುಕೊಂಡಳು ಪ್ರಿಯಂವದಾ.

“ನಿಮಗೂ ಇಲ್ಲ ಅನ್ನೋಕೆ ಆಗ್ಲಿಲ್ವಾ?”

“ಆಗ್ಲಿಲ್ಲ.”

“ನೀವು ಬರ್ಬಾರ್ದಿತ್ತು.” ಮಾಧವಿಯ ದನಿ ಏರಿತು. “ಅತ್ತೆ ಕೈಗೆ ಸಿಗದೆ ಇರೋ ಜಾಗ ಅಂತ ನನಗಿದ್ದದ್ದು ಇದೊಂದೇ. ನನಗೆ ನಿಮ್ಮೇಲೆ ಕೋಪ ಬಂದಿದೆ ಮೇಡಂ. ತುಂಬಾ ಕೋಪ.”

ಮಾಧವಿ ಹುಟ್ಟಿದಾರಭ್ಯ ಯಾರ ಮುಖಕ್ಕೂ ಆಡದ ಮಾತು ಅದು. ಪ್ರಿಯಂವದಾಗೆ ನಾಚಿಕೆಯಾಯಿತು. ಬೈಸಿಕೊಂಡು ಇಷ್ಟು ಸಂತೋಷ ಎಂದೂ ಆಗಿರಲಿಲ್ಲ, ಅದೂ ನಿಜ.

“ಬರ್ಬಾರ್ದಿತ್ತು,” ಎಂದಳು.

ಮಾಧವಿ ಗಡಿಯಾರ ನೋಡಿದಳು. ವಾಪಸು ಬಂದು, ಬ್ಯಾಗು ಕೆಳಗಿಟ್ಟು, ಈ ಸಲ ಕುರ್ಚಿಗೆ ಬೆನ್ನು ಕೊಟ್ಟು ಕೂತಳು.

“ಇನ್ನೂ ಇಪ್ಪತ್ತು ನಿಮಿಷ ಇದೆ. ಕೋಪ ಮುಗ್ದಿಲ್ಲ, ಕೇಳಿ.”