ಸನ್ಮಾನಕ್ಕೆ ಹೋದವರು

"ಮುಂಡೇದೇ, ಸೀರೆ ಉಟ್ಕೊಂಡು ಬಾ ಅಂದ್ರೆ ಮಗೂನ ನೇತಾಕ್ಕೊಂಡು ಬಂದಿದೀಯಲ್ಲೇ! ಇದೇನ್ ನಿಮ್ಮವ್ವನ್ ಸಂತೆನಾ?"

ನಮ್ಮ ಕ್ಲೀನಿಂಗ್ ಕಂಪನಿಯ ಮಾಲೀಕ ಲಿಂಗರಾಜ ಬೈಯುವಾಗ ಅವನ ಉಸಿರು ಚಳಿಗೆ ಹೊಗೆಯಾಗಿ ಬರುತ್ತಿತ್ತು. ಕಮ್ಯೂನ್ ಅಂದರೆ ಸ್ವೀಡನ್ನಿನ ಈ ನಮ್ಮ ಊರಿನ ಪುರಸಭೆ. ಅದರ ಮೆಟ್ಟಿಲ ಮೇಲೆ ನಾವು ಕ್ಲೀನಿಂಗ್ ಹೆಂಗಸರೆಲ್ಲ ಸಾಲಾಗಿ ನಿಂತಿದ್ದೆವು. ಮೇಲೆ ದಪ್ಪ ಜಾಕೆಟ್ಟು, ಒಳಗೆ ಅವನ ಹೆಂಡತಿ ಶೋಭನಾ ಉಟ್ಟು ಬಿಟ್ಟ ರೇಷ್ಮೆ ಸೀರೆ. ಕಮಲಾಳ ಹೆಗಲ ಮೇಲೆ ನಾಲ್ಕು ವರ್ಷದ ಇಳಾ ನಿದ್ದೆ ಹೋಗಿದ್ದಳು.

"ಎಲ್ಲಿ ಬುಡ್ಲಿ ಸಾರ್? ರಾತ್ರಿ ದಾಗಿಸ್ ಮುಚ್ಚವ್ರಲ್ಲ," ಅಂದಳು ಕಮಲಾ.

ದಾಗಿಸ್ ಅಂದರೆ ಇಲ್ಲಿ ಶಿಶುವಿಹಾರ. ರಾತ್ರಿ ಪಾಳಿಯವರ ಮಕ್ಕಳಿಗೆಂದೇ ಒಂದು ರಾತ್ರಿ ದಾಗಿಸ್ ಇತ್ತು. ಹಣವಿಲ್ಲವೆಂದು ಬೇಸಿಗೆಯಲ್ಲೇ ಅದಕ್ಕೆ ಬೀಗ ಹಾಕಿದರು. ಅಲ್ಲಿಂದ ಮುಂದೆ ಕಮಲಾ ಮಗುವನ್ನು ಉಕ್ಕಿನ ಕಾರ್ಖಾನೆಗೆ ಕದ್ದು ತರುತ್ತಿದ್ದಳು. ನಾವು ಕಕ್ಕಸು ತೊಳೆಯುವಷ್ಟು ಹೊತ್ತೂ ಇಳಾ ಪೊರಕೆ ಇಡುವ ಕೋಣೆಯಲ್ಲಿ, ಟಾಯ್ಲೆಟ್ ಪೇಪರಿನ ಮೂಟೆಗಳ ಮೇಲೆ ಮಲಗಿರುತ್ತಿದ್ದಳು. ನಮ್ಮದೆಲ್ಲ ಒಂದೇ ಪಾಳಿ, ನೋಡಿಕೊಳ್ಳುತ್ತೇನೆ ಅನ್ನುವುದಕ್ಕೂ ನನಗೆ ದಾರಿಯಿರಲಿಲ್ಲ. ಮೊನ್ನೆ ಅದು ಕಾರ್ಖಾನೆಯವರ ಕಣ್ಣಿಗೆ ಬಿತ್ತು.

"ಇವತ್ ರಾತ್ರಿ ಶಿಫ್ಟ್‌ಗೆ ಈ ಪೀಡೇನ ತಂದ್ರೆ ನಾಳೇನೇ ನಿನ್ ವರ್ಕ್ ಪರ್ಮಿಟ್ ಕ್ಯಾನ್ಸಲ್. ನೀನು, ನಿನ್ ಮಗು, ಕೆಂಪೇಗೌಡ ಏರ್‌ಪೋರ್ಟು. ಮನೇಲಿ ಮಲಗ್ಸಿ ಬಾ."

"ಒಂಟಿ ಬುಟ್ರೆ ಸೋಶಿಯಲ್‌ನೋರು ಮಗೂನ ಸರ್ಕಾರಿ ಮನೆಗೆ ಎತ್ಕೊಂಡೋಯ್ತಾರೆ ಸಾರ್."

"ಅದು ನಿನ್ ಪ್ರಾಬ್ಲಮ್ಮು ಕಣೇ. ನಂಗ್ಯಾಕ್ ಹೇಳ್ತೀಯ?"

ಅವನ ಪ್ರಾಬ್ಲಮ್ಮು ಬೇರೆಯಿತ್ತು. ಎಲ್ಲರ ಸಂಬಳದ ಮೇಲೂ ಮೂರು ವರ್ಷದ ಮಟ್ಟಿಗೆ ತೆರಿಗೆ ಏರಿಸಿ, ಆ ಹಣದಲ್ಲಿ ಯಾವ ಯಾವ ಕೆಲಸ ಮಾಡಬೇಕೆಂದು ಕೌನ್ಸಿಲ್ ಅಂದು ಸಂಜೆ ತೀರ್ಮಾನಿಸುವುದಿತ್ತು. ಈಜುಕೊಳಕ್ಕೆ ಹೊಸ ಸೂರು, ಐಸ್ ಹಾಕಿ ಆಟದ ಅಂಗಳ, ರಾತ್ರಿ ದಾಗಿಸ್, ಜೊತೆಗೆ ಲಿಂಗರಾಜ ಅರ್ಜಿ ಹಾಕಿಸಿದ್ದ ಸಂಸ್ಕೃತಿ ಭವನ. ಭವನವಾದರೆ ಅವನ ಕನ್ನಡ ಸಂಘದ ಗಣಪತಿಗೆ ಜಾಗ, ಅಡುಗೆ ಗುತ್ತಿಗೆ ಅವನ ಹೋಟೆಲಿಗೆ, ಕ್ಲೀನಿಂಗ್ ಗುತ್ತಿಗೆ ಅವನ ಕಂಪನಿಗೆ. ಈ ದೇಶದಲ್ಲಿ ಮೂರು ವರ್ಷ ಇದ್ದವರಿಗೆ ಪರದೇಶಿಗಳಾದರೂ ಕಮ್ಯೂನ್ ಓಟು ಉಂಟು. ಅದಕ್ಕೇ ಓಟಿನ ಲೆಕ್ಕಕ್ಕೆ ನಮ್ಮ ತಲೆಗಳನ್ನು ತೋರಿಸಲು ಕರೆತಂದಿದ್ದ. ತೆರಿಗೆ ಮಾತ್ರ ನಮ್ಮ ಸಂಬಳದಿಂದಲೂ ಹೋಗುತ್ತದೆ.

ಬಾಗಿಲಲ್ಲಿ ಸನ್ಮಾನಕ್ಕೆಂದು ತಂದ ಹಿತ್ತಾಳೆ ತಟ್ಟೆ ಕಮಲಾಳ ಕೈಗೆ ಬಂತು. ಯಾರೋ ಹಿಂದಿನಿಂದ ದಾಟಿಸಿದರು, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಹಿಡಿದುಕೊಂಡಳು. ಅದರಲ್ಲಿ ಶಾಲು, ಹಾರ, ಗಂಧದ ಮಾಲೆ, ಮೈಸೂರು ಪೇಟ. ಶೋಭನಾಗೆ ಬೆಂಕಿ ಮುಟ್ಟಿದಂತಾಯಿತು.

"ರೀ, ಅವಳ್ ಕೈಗೆ ಯಾರ್ರೀ ಕೊಟ್ಟಿದ್ದು? ಬೆಂಗ್ಳೂರಲ್ಲಿ ಅವರಮ್ಮ ಬೀದಿ ಗುಡಿಸ್ತಿದ್ಳು ಗೊತ್ತಲ್ವಾ? ಪೂಜೆ ತಟ್ಟೆ ಅದು!"

ಕಿತ್ತುಕೊಂಡು, ಬ್ಯಾಗಿನಿಂದ ಒದ್ದೆ ಟಿಶ್ಯೂ ತೆಗೆದು ಅಂಚನ್ನೆಲ್ಲ ಒರೆಸಿದಳು. ಕಮಲಾ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. ನನಗೆ ಆ ಟಿಶ್ಯೂವನ್ನು ಶೋಭನಾಳ ಬಾಯಿಗೆ ತುರುಕುವಷ್ಟು ಸಿಟ್ಟು ಬಂತು. ತುರುಕಲಿಲ್ಲ. ನನ್ನ ಪರ್ಮಿಟ್ಟೂ ಅವಳ ಗಂಡನ ಕೈಯಲ್ಲೇ ಇತ್ತು.

ಸಭೆಯ ಮೊದಲಿಗೆ ಸ್ವಲ್ಪ ಹೊತ್ತು ಸಾರ್ವಜನಿಕರು ಪ್ರಶ್ನೆ ಕೇಳಬಹುದು. ಕಮಲಾ ಹೆಸರು ಕೊಟ್ಟಿದ್ದಳು, ಲಿಂಗರಾಜನಿಗೆ ಗೊತ್ತಿರಲಿಲ್ಲ. ರಾತ್ರಿ ದಾಗಿಸ್ ತೆರೆಯಿರಿ ಅನ್ನುವಷ್ಟು ಸ್ವೀಡಿಷನ್ನು ನೆಲ ಒರೆಸುತ್ತ ಒರೆಸುತ್ತ ನನ್ನ ಮುಂದೆ ಒಪ್ಪಿಸಿ ಕಲಿತಿದ್ದಳು. ನಾನು ತಪ್ಪಿದಲ್ಲಿ ತಿದ್ದುತ್ತಿದ್ದೆ, ನನಗೆ ಬರುವುದೂ ಅಷ್ಟಕ್ಕಷ್ಟೇ.

"ಅಕ್ಕಾ, ಎದೆ ಒಡ್ಕತಾ ಐತೆ," ಅಂದಳು ಕುರ್ಚಿಯಲ್ಲಿ ಕೂತು.

"ಸುಮ್ನಿರು. ನಿನ್ ಹೆಸ್ರು ಕರೀತಾರೆ, ಎದ್ದು ಯೋಳು. ಅಷ್ಟೇಯ."

ಕರೆಯುವ ಮೊದಲೇ ಲಿಂಗರಾಜ ಎದ್ದ. ಹಿಂದೆ ಶೋಭನಾ ತಟ್ಟೆ ಹಿಡಿದು ನಡೆದಳು. ನಮ್ಮಲ್ಲಿ ಆಗುವ ಹಾಗೆಯೇ, ನೇರ ವೇದಿಕೆ ಹತ್ತಿ, ಬೆಳ್ಳಿಕೂದಲಿನ ಅಧ್ಯಕ್ಷೆಯ ಹೆಗಲಿಗೆ ಶಾಲು ಹೊದಿಸಿ, ಅವಳು ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ತಲೆಗೆ ಪೇಟ ಇಟ್ಟುಬಿಟ್ಟ. ನಮ್ಮ ಕಡೆ ತಿರುಗಿ ಚಪ್ಪಾಳೆ ಹೊಡೆಯುವಂತೆ ಕಣ್ಣು ಮಾಡಿದ. ನಾವು ಹೊಡೆದೆವು.

ಅಧ್ಯಕ್ಷೆ ತಲೆ ಮೇಲೆ ಹಾವು ಬಿದ್ದವಳಂತೆ ಪೇಟ ಕಿತ್ತು ಮೇಜಿಗೆ ಹಾಕಿದಳು. ಅವಳ ಮುಖ ಕೆಂಪಾಯಿತು. ತೀರ್ಮಾನಕ್ಕೆ ಮೊದಲು ಉಡುಗೊರೆ ಮುಟ್ಟಿದರೆ ಇಲ್ಲಿ ಲಂಚದ ಕೇಸು. ಪತ್ರಿಕೆಯವನು ಆಗಲೇ ಫೋಟೊ ತೆಗೆದಿದ್ದ. ಒಬ್ಬ ಸದಸ್ಯ ಎದ್ದು ಕೂಗಿದ, ಇನ್ನೊಬ್ಬ ಅವನ ಮೇಲೆ ಕೂಗಿದ. ಶಾಲು ಮುಟ್ಟಿದ್ದು ಅಪರಾಧವೋ ಅಲ್ಲವೋ ಎಂಬ ಚರ್ಚೆಗೇ ಹೊತ್ತು ಹೋಯಿತು. ಕಾರ್ಯದರ್ಶಿ ಗಡಿಯಾರ ನೋಡಿ, ಸಾರ್ವಜನಿಕರ ಸಮಯ ಮುಗಿಯಿತು ಅಂದಳು.

ಕಮಲಾ ಕೈ ಎತ್ತಿದಳು. ಎತ್ತಿದ ಕೈ ಹಾಗೇ ಇತ್ತು. ಯಾರೂ ನೋಡಲಿಲ್ಲ.

ಮತ ಹಾಕಿದರು. ತೆರಿಗೆ ಪಾಸಾಯಿತು. ಈಜುಕೊಳದ ಸೂರು ಪಾಸಾಯಿತು. ಐಸ್ ಅಂಗಳ ಪಾಸಾಯಿತು. ಭವನದ ಮಾತನ್ನೇ ಯಾರೂ ಎತ್ತಲಿಲ್ಲ. ರಾತ್ರಿ ದಾಗಿಸ್ ಬೇಡವೆಂದರು, ಬಳಸುವವರು ಕಡಿಮೆಯಂತೆ.

"ಎಲ್ಲಾ ನಿಮ್ ಶನಿ ಮೂತಿ ನೋಡಿದ್ದಕ್ಕೇ ಆಗಿದ್ದು, ಬೇವರ್ಸಿಗಳಾ," ಅಂದ ಲಿಂಗರಾಜ ಬೆವರು ಒರೆಸಿಕೊಳ್ಳುತ್ತ. "ಏಳಿ, ವ್ಯಾನ್ ನಿಂತಿದೆ. ಕಮಲಾ, ಮಗು ವ್ಯಾನ್ ಹತ್ತಿದ್ರೆ ನೀನು ಹತ್ತಂಗಿಲ್ಲ."

ಕಮಲಾ ಎದ್ದಳು. ಬಾಗಿಲ ಕಡೆ ಬರುತ್ತಾಳೆ ಅಂದುಕೊಂಡೆ. ಅವಳು ಕಟಕಟೆ ದಾಟಿ, ಸದಸ್ಯರ ನಡುವೆ ಹಾದು, ಅಧ್ಯಕ್ಷೆಯ ಮುಂದಿನ ಉದ್ದ ಮೇಜಿನ ಹತ್ತಿರ ನಿಂತಳು. ಮಗುವನ್ನು ಮೆಲ್ಲಗೆ ಅಲ್ಲಿ ಮಲಗಿಸಿದಳು. ತನ್ನ ಜಾಕೆಟ್ ಬಿಚ್ಚಿ ಹೊದಿಸಿದಳು.

"ನಾನು ಈಗ ಕೆಲಸಕ್ಕೆ ಹೋಗುತ್ತೇನೆ. ಮಗು ನೀವು ನೋಡಿಕೊಳ್ಳಿ," ಅಂದಳು ಮುರುಕು ಸ್ವೀಡಿಷಿನಲ್ಲಿ. ಕಲಿತದ್ದು ಆ ಮಾತಲ್ಲ.

ಅರ್ಥವಾಗಲಿಲ್ಲ ಎಂಬಂತೆ ಅಧ್ಯಕ್ಷೆ ಪಕ್ಕದವನ ಮುಖ ನೋಡಿದಳು.

"ಎತ್ಕೊಳ್ಳೇ ಮಗೂನ! ಮಾನ ತೆಗೀಬೇಡ, ಎತ್ಕೊಳ್ಳೇ!" ಲಿಂಗರಾಜ ಹಲ್ಲು ಕಡಿದ.

"ಎತ್ಕಳಾಕಿಲ್ಲ ಕಣಯ್ಯಾ. ಒಂಟಿ ಬುಟ್ರೆ ತಾನೆ ಎತ್ಕೊಂಡೋಗಾದು? ಊರ್ನೆಲ್ಲಾ ಆಳೋರ್ ಮುಂದೆ ಬುಟ್ಟಿವ್ನಿ. ಏನ್ ಕಿತ್ಕತೀಯೋ ಕಿತ್ಕ."

ನಾನು ತಡೆಯಲಾರದೆ ಓಡಿ ಮೇಜಿಗೆ ಕೈ ಚಾಚಿದೆ. ಕಮಲಾ ನನ್ನ ಮಣಿಕಟ್ಟು ಹಿಡಿದಳು.

"ಮುಟ್ಬೇಡ ಸುಲೋಚನಕ್ಕ. ನೀನ್ ಎತ್ಕಂಡ್ರೆ ಇವ್ರೆಲ್ಲ ಮನೆಗೋಯ್ತಾರೆ."

ಇಬ್ಬರೂ ನಡೆದೆವು. ಅವಳು ಬರೀ ರವಿಕೆ ತೋಳಿನಲ್ಲಿದ್ದಳು. ಹೊರಗೆ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು. ಬಾಗಿಲ ಹಿಡಿಗೆ ಅವಳು ಕೈ ಹಾಕಿದಾಗ ಹಿಂದೆ ಇಳಾಳ ಸ್ವರ ಕೇಳಿತು. ಎದ್ದು ಕೂತಿದ್ದಳು.

"ನನ್ನ ಅಮ್ಮ ಎಲ್ಲಿ?"

ಇಲ್ಲೇ ಹುಟ್ಟಿದವರ ಹಾಗೆ ಅಚ್ಚ ಸ್ವೀಡಿಷಿನಲ್ಲಿ ಕೇಳಿದಳು. ಈ ಸಲ ಅರ್ಥವಾಗಲಿಲ್ಲ ಅನ್ನುವಂತಿರಲಿಲ್ಲ. ಮಗು ಮತ್ತೊಮ್ಮೆ ಕೇಳಿತು, ಆಮೇಲೆ ಅಳಲು ಶುರು ಮಾಡಿತು. ಅಷ್ಟು ದೊಡ್ಡ ಮೇಜಿನ ಸುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಕಮಲಾ ತುಟಿಯನ್ನು ರಕ್ತ ಬರುವಂತೆ ಕಚ್ಚಿಕೊಂಡು ಬಾಗಿಲು ದೂಡಿದಳು.