ಬೆನ್ನು ಹೆರೆದ ಕೊಬ್ಬರಿ

ಕೊಬ್ಬರಿ ವಿಷಯದಲ್ಲಿ ನನ್ನ ಕಣ್ಣಿಗೆ ಮಣ್ಣೆರಚಲು ಯಾರಿಂದಲೂ ಆಗುವುದಿಲ್ಲ ಎಂದು ಆರು ವರ್ಷ ಹೇಳಿಕೊಂಡು ತಿರುಗಿದವಳು ನಾನು. ಮಾನ್ವಿ ಸಂತೆಯಲ್ಲಿ ಅಂಬಮ್ಮ ಬಂದಳೆಂದರೆ ಕೊಬ್ಬರಿ ಅಂಗಡಿಯವರ ಮುಖ ಸಣ್ಣದಾಗುತ್ತದೆ. ಒಂದೊಂದೇ ಬಟ್ಟಲು ತಿರುವಿ, ಒಳಗೆ ಹಳದಿ ಹತ್ತಿದೆಯೇ ನೋಡಿ, ಉಗುರಿನಿಂದ ಗೀರಿ ಮೂಸಿ, ಕಮಟು ವಾಸನೆ ಬಂದದ್ದನ್ನು ಅವರ ಕಡೆಗೇ ತಳ್ಳುತ್ತೇನೆ. ಮನೆಗೆ ತಂದು ತೊಗರಿಬೇಳೆಯ ಡಬ್ಬಿಯಲ್ಲಿ ಹೂತಿಟ್ಟರೆ ವರ್ಷವಾದರೂ ಕೆಡುವುದಿಲ್ಲ. ಬಟ್ಟಲಿನ ಹೊರಗಿನ ಕಂದು ಸಿಪ್ಪೆಗೆ ನಮ್ಮ ಮನೆಯಲ್ಲಿ ಬೆನ್ನು ಎನ್ನುತ್ತೇವೆ. ಎಣ್ಣೆಗಾಯಿಗಾಗಲಿ ಚಟ್ನಿಪುಡಿಗಾಗಲಿ ಆ ಬೆನ್ನನ್ನು ನಾವು ಹೆರೆದು ತೆಗೆಯುವುದಿಲ್ಲ, ಬೆನ್ನಿನ ಸಮೇತವೇ ತುರಿಯುತ್ತೇವೆ. ರುಚಿ ಇರುವುದೇ ಅಲ್ಲಿ ಎಂದು ನನ್ನ ಅತ್ತೆ ಹೇಳುತ್ತಿದ್ದರು, ನಾನೂ ಹಾಗೇ ನಂಬಿದವಳು.

ಇಷ್ಟೆಲ್ಲ ಗೊತ್ತಿದ್ದವಳೇ ಮೋಸ ಹೋದೆ. ಮೋಸ ಮಾಡಿದವಳೂ ನಾನೇ.

ನಮ್ಮೂರಲ್ಲಿ ಬಿಸ್ಕೀಟು ಬೇಕಾದರೆ ಮನೆಯ ಸಾಮಾನು ಒಯ್ದು ಬೇಕರಿಯ ಭಟ್ಟಿಯಲ್ಲಿ ಮಾಡಿಸಿಕೊಂಡು ಬರುವ ರೂಢಿ ಇದೆ. ಮೈದಾ, ಸಕ್ಕರೆ, ಡಾಲ್ಡಾ, ತುರಿದ ಕೊಬ್ಬರಿ, ನಾಲ್ಕು ಯಾಲಕ್ಕಿ, ಜೊತೆಗೆ ಒಂದು ಖಾಲಿ ಡಬ್ಬಿ. ಬೆಳಿಗ್ಗೆ ಕೊಟ್ಟರೆ ಸಂಜೆಗೆ ಡಬ್ಬಿ ತುಂಬಿಕೊಂಡು ಬರಬಹುದು. ಜಿಲಾನಿ ಪಾಷಾ ಅವರ ಭಟ್ಟಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ. ನಾದುವುದು, ಬೇಯಿಸುವುದು ಅವರದು, ಅಳತೆ ನೋಡಿಕೊಳ್ಳುವುದು ಅವರ ಹೆಂಡತಿ ಆತಿಯಾಳದು. ಆಕೆ ಕನ್ನಡ ಸಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದ್ದಳು. ಯಾರ ಡಬ್ಬಿ ಯಾರದೆಂದು ಸೀಮೆಸುಣ್ಣದಲ್ಲಿ ಬರೆದಿಡುವವಳೂ ಅವಳೇ. ನನ್ನ ಮಗಳು ಶಿವಗಂಗಾಳ ಮದುವೆಯಲ್ಲಿ ಆರು ಡಬ್ಬಿ ಬಿಸ್ಕೀಟು ಅವರೇ ಮಾಡಿಕೊಟ್ಟಿದ್ದರು, ಒಂದು ಚೂರೂ ಹೆಚ್ಚು ಕಡಿಮೆ ಆಗಿರಲಿಲ್ಲ.

ಶಿವಗಂಗಾ ಮೊದಲ ಸಲ ಬಸುರಾದಾಗ ಸೀಮಂತದ ಕುಬಸ ಮಾಡಿದೆವು. ಬಂದ ಮುತ್ತೈದೆಯರೆಲ್ಲ ಅವಳಿಗೆ ಉಡಿ ತುಂಬಿದರು. ಅಕ್ಕಿ, ಉತ್ತತ್ತಿ, ಅರಿಶಿನ ಕೊಂಬು ಮತ್ತು ಕೊಬ್ಬರಿ ಬಟ್ಟಲು. ಉಡಿಗೆ ಬಿದ್ದದ್ದನ್ನು ಬೇರೆಯವರ ಬಾಯಿಗೆ ಹಾಕಬಾರದು, ತುಂಬಿಸಿಕೊಂಡವಳೇ ಉಣ್ಣಬೇಕು ಎಂಬುದು ನಮ್ಮ ಮನೆಯ ಕಟ್ಟು. ಮಗಳು ಹುಳಿಯನ್ನೂ ಮುಟ್ಟುತ್ತಿರಲಿಲ್ಲ, ಸಿಹಿಯನ್ನೂ ಮುಟ್ಟುತ್ತಿರಲಿಲ್ಲ. ಪಾಷಾ ಭಟ್ಟಿಯ ಕೊಬ್ಬರಿ ಬಿಸ್ಕೀಟಾದರೆ ತಿನ್ನುತ್ತೇನೆ ಎಂದಳು. ಮನೆ ತುಂಬ ನೆಂಟರಿದ್ದರು. ತುರಿಯಲು ಕೈ ಬಿಡುವಾಗಲಿಲ್ಲ. ಬಟ್ಟಲುಗಳನ್ನು ಇಡಿಯಾಗಿಯೇ ಅರಿವೆಯಲ್ಲಿ ಗಂಟು ಕಟ್ಟಿಕೊಂಡು ಹೋದೆ.

"ಕೊಡ್ರಿ ಅಮ್ಮಾರ, ನಾನೇ ತುರೀತೀನಿ," ಎಂದು ಆತಿಯಾ ಗಂಟು ಇಸಿದುಕೊಂಡಳು.

"ಇದು ಉಡಿ ಕೊಬ್ಬರಿ ನೋಡವ್ವಾ. ಒಂದು ಚೂರು ಸೈತ ಬ್ಯಾರೆದವ್ರಿಗಿ ಹೋಗಬಾರದು."

"ನನಗ ಗೊತ್ತಿಲ್ಲೇನ್ರಿ? ಶಿವಗಂಗಾ ನನ್ನ ಕಣ್ಣ ಮುಂದ ಬೆಳದಾಕಿ. ಚಂದಗೆ ಮಾಡಿಕೊಡ್ತೀನಿ, ನಿಶ್ಚಿಂತಿಲೆ ಹೋಗ್ರಿ."

ಸಂಜೆ ಹೋದಾಗ ಅಂಗಡಿಯ ಮುಂದೆ ಏಳೆಂಟು ಜನ ನಿಂತಿದ್ದರು. ಪಾಷಾ ನಮ್ಮ ಡಬ್ಬಿ ತಂದಿಟ್ಟರು. ಮುಚ್ಚಳದ ಮೇಲೆ ನನ್ನ ಗಂಡ ಗಡಿಗೆಪ್ಪನವರ ಹೆಸರು ಕೊರೆಸಿದ ದೊಡ್ಡ ಹಿತ್ತಾಳೆ ಡಬ್ಬಿ ಅದು. ತೆಗೆದು ನೋಡಿದೆ. ಬಿಸ್ಕೀಟು ಬಿಡಿಸಿದ ಹತ್ತಿಯಷ್ಟು ಬೆಳ್ಳಗಿದ್ದವು. ಎಲ್ಲಿ ಹುಡುಕಿದರೂ ಬೆನ್ನಿನ ಒಂದು ಕಂದು ಚುಕ್ಕೆ ಕಾಣಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ಯಾವತ್ತೂ ರೀ ಹಚ್ಚಿ ಮಾತಾಡುತ್ತಿದ್ದವಳು ಆ ಹೊತ್ತು ಏಕವಚನಕ್ಕೆ ಇಳಿದೆ.

"ಪಾಷಾ, ನನ್ನ ಕೊಬ್ಬರಿ ಎಲ್ಲಿ?"

"ಅದ್ರಾಗೇ ಅದಲ್ರೀ ಅಮ್ಮಾರ."

"ನಮ್ಮ ಕೊಬ್ಬರಿ ಹಾಕಿದ್ರ ಚುಕ್ಕಿ ಬರ್ತಿದ್ದಿಲ್ಲೇನು? ಇದು ಪಾಕೀಟಿನ ಪುಡಿ. ಬಸುರಿ ಹೆಣ್ಮಗಳ ಉಡಿ ಕೊಬ್ಬರಿ ತಗದಿಟ್ಕೊಂಡಿ. ನಿನಗ ಹ್ಯಾಂಗ ಮನಸ್ಸು ಬಂತು?"

"ಬೆನ್ನು ಹೆರದು ಹಾಕ್ಯಾಳ್ರೀ ಆತಿಯಾ. ಬೆಳ್ಳಗ ಬರ್ಲಿ ಅಂತ."

"ಅಷ್ಟೂ ಬಟ್ಟಲ ಬೆನ್ನು ಕುಂತು ಹೆರಿಯೋರು ಯಾರು ಅದಾರ ಈಗಿನ ಕಾಲದಾಗ? ಹೆರದಿದ್ರ ಹೆರದದ್ದು ಎಲ್ಲಿ ಅದ, ತೋರಿಸು."

"ಡಬ್ಬ್ಯಾಗ ನೋಡ್ರಿ ಅಮ್ಮಾರ. ಡಬ್ಬಿ ನೋಡ್ರಿ ಒಮ್ಮಿ."

ಡಬ್ಬಿ ತುಂಬಿದೆ, ಬಿಸ್ಕೀಟು ಕಡಿಮೆಯಾಗಿಲ್ಲ ಎಂದು ಮಾತು ಮರೆಸುತ್ತಿದ್ದಾರೆ ಎಂದುಕೊಂಡೆ. "ಡಬ್ಬಿ ತೋರಿಸಿ ಬಾಯಿ ಮುಚ್ಚಿಸಬ್ಯಾಡ," ಎಂದು ಮುಚ್ಚಳ ಬಡಿದು ಎತ್ತಿಕೊಂಡೆ. ಆತಿಯಾ ಒಳಬಾಗಿಲಲ್ಲಿ ನಿಂತಿದ್ದಳು. ಬಲಗೈಯ ಎರಡು ಬೆರಳಿಗೆ ಅರಿವೆ ಸುತ್ತಿಕೊಂಡಿದ್ದಳು. ಅದು ನನ್ನ ಕಣ್ಣಿಗೆ ಬಿತ್ತು. ಏನಾಯಿತು ಎಂದು ನಾನು ಕೇಳಲಿಲ್ಲ.

ಮನೆಗೆ ಬಂದಾಗ ನಾದಿನಿ ಬಸವಂತಮ್ಮ ದೇವದುರ್ಗಕ್ಕೆ ಹೊರಟು ನಿಂತಿದ್ದಳು. ಇದರಲ್ಲಿ ಉಡಿ ಕೊಬ್ಬರಿ ಇಲ್ಲವೆಂದ ಮೇಲೆ ಯಾರು ತಿಂದರೇನು ಎಂದು ಡಬ್ಬಿಯನ್ನು ಅವಳ ಚೀಲಕ್ಕೆ ತುರುಕಿದೆ. ಕೋಪದಲ್ಲಿ ಕಾರಣವನ್ನೂ ಹೇಳಲಿಲ್ಲ. ಶಿವಗಂಗಾ "ಒಂದರೆ ಕೊಡವ್ವಾ," ಎಂದು ಕೈ ಚಾಚಿದಳು. "ಕಳ್ಳತನದ್ದು ತಿನ್ನಬ್ಯಾಡ," ಎಂದು ಅವಳ ಕೈ ತಳ್ಳಿದೆ.

ಆಮೇಲೆ ನಾನು ಸುಮ್ಮನಿದ್ದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ನಾನು ಸುಮ್ಮನಿರುವ ಪೈಕಿ ಅಲ್ಲ. ಮದುವೆ, ಮುಂಜಿ, ಗೃಹಪ್ರವೇಶ, ಎಲ್ಲಿ ನಾಲ್ಕು ಹೆಂಗಸರು ಕೂತರೂ ಈ ಕಥೆ ಹೇಳಿದೆ, ಪ್ರತಿ ಸಲ ಒಂದಿಷ್ಟು ಉಪ್ಪು ಖಾರ ಹೆಚ್ಚಿಗೆ ಹಚ್ಚಿ. ಭಟ್ಟಿಗೆ ಜನ ಕಡಿಮೆಯಾದರು. ಕೆಲವು ದಿನಗಳ ನಂತರ ಪಾಷಾ ಅಂಗಡಿಯ ಮುಂದೆ ಒಂದು ಸ್ಟೂಲು ಹಾಕಿದ್ದಾರೆ, ಸಾಮಾನು ತಂದವರನ್ನು ಕೂಡಿಸಿ ಅವರ ಎದುರಿಗೇ ತುರಿದು ಕಲಸುತ್ತಾರೆ ಎಂದು ಸುದ್ದಿ ಬಂತು. ನನ್ನ ಬಾಯಿಯಿಂದ ಒಬ್ಬ ಮನುಷ್ಯ ದಾರಿಗೆ ಬಂದ ಎಂದು ಹೆಮ್ಮೆಪಟ್ಟೆ. ಆ ಹೆಮ್ಮೆ ನೆನೆಸಿಕೊಂಡರೆ ಈಗ ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನಿಸುತ್ತದೆ.

ಕಳೆದ ತಿಂಗಳು ದೇವದುರ್ಗಕ್ಕೆ ಹೋಗಿದ್ದೆ. ಊಟಕ್ಕೆ ಕೂತಾಗ ಬಸವಂತಮ್ಮ ರೊಟ್ಟಿಯ ಮೇಲೆ ಚಟ್ನಿಪುಡಿ ಹಾಕಿ ಎಣ್ಣೆ ಬಿಟ್ಟಳು. ಎದ್ದು ಹೋಗಿ ನಮ್ಮ ಹಿತ್ತಾಳೆ ಡಬ್ಬಿಯನ್ನು ತಂದು ಪಕ್ಕಕ್ಕಿಟ್ಟಳು.

"ಡಬ್ಬಿ ಒಯ್ಯಿರಿ ವೈನಿ. ಕುಬಸದಾಗ ಕೊಟ್ಟದ್ದು, ಕೊಡ್ತೀನಿ ಕೊಡ್ತೀನಿ ಅಂತ ಇಲ್ಲೇ ಉಳೀತು. ಆ ಬಿಸ್ಕೀಟು ಎರಡ ದಿನದಾಗ ಖಾಲಿ ಆದ್ವು ನೋಡ್ರಿ. ತಳದಾಗ ಇಟ್ಟಿದ್ರಲ್ಲ ಹೆರದ ಕೊಬ್ಬರಿ, ಅದರ ಚಟ್ನಿಪುಡಿ ಮಾತ್ರ ಎರಡು ತಿಂಗಳು ಬಂತು."

ತುತ್ತು ತಟ್ಟೆಗಿಟ್ಟು ಕೇಳಿದೆ. "ಯಾವ ಕೊಬ್ಬರಿ?"

"ಬಿಸ್ಕೀಟಿನ ಕೆಳಗ ಪೇಪರು, ಪೇಪರಿನ ಕೆಳಗ ಪುಡಿಕಿ. ಬರೇ ಬೆನ್ನು. ಅದರ ಮ್ಯಾಲ ಪೆನ್ನಿಲೆ ಬರದಿದ್ರಲ್ಲ, 'ಇದು ಶಿವಗಂಗಾನ ಉಡಿದು, ಚೆಲ್ಲಬ್ಯಾಡ್ರಿ' ಅಂತ. ಉಡಿದು ನಮಗ್ಯಾಕ ಅನಿಸ್ತು, ಚೆಲ್ಲಬ್ಯಾಡ್ರಿ ಅಂತ ನೀವೇ ಬರದೀರಿ ಅಂತ ಮಾಡ್ಕೊಂಡ್ವಿ. ವೈನಿ ಅಕ್ಷರ ಇಷ್ಟು ದುಂಡಗ ಯಾವಾಗ ಆದವಪಾ ಅಂತ ನಾ ನಕ್ಕೆ."

ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ. ದುಂಡಗೆ ಬರೆಯುವವಳು ಯಾರು ಎಂದು ನನಗೆ ಗೊತ್ತಿತ್ತು. ಅಷ್ಟೂ ಬಟ್ಟಲಿನ ಬೆನ್ನನ್ನು ಕೂತು ಹೆರೆದಿದ್ದಳು. ಬೆರಳು ಕೊಯ್ದುಕೊಂಡಿದ್ದಳು. ನಾನು ಹೇಳಿದ ಮಾತಿಗೆ ತಪ್ಪದೆ, ಒಂದು ಚೂರೂ ಹೊರಗೆ ಹೋಗದಂತೆ ಹೆರೆದದ್ದನ್ನೂ ಕಟ್ಟಿ ಕೊಟ್ಟಿದ್ದಳು. ಉಡಿಯ ಕಟ್ಟನ್ನು ಅವಳು ಕಾಯ್ದಳು. ನನ್ನ ಮಗಳ ಉಡಿಯನ್ನು ಬೇರೆಯವರ ಬಾಯಿಗೆ ಹಾಕಿದವಳು ನಾನು.

ಊಟ ಬಿಟ್ಟು ಎದ್ದು ಮಗಳ ಊರಿಗೆ ಹೊರಟೆ. ರಾಯಚೂರು ಬಸ್ಸು ತುಂಬಿ ತುಳುಕುತ್ತಿತ್ತು. ಡಬ್ಬಿಯನ್ನು ಎದೆಗವಚಿಕೊಂಡು ರಾಯಚೂರಿನವರೆಗೆ ನಿಂತೇ ಹೋದೆ. ಯಾರೋ ಎದ್ದು ಜಾಗ ಕೊಟ್ಟರು, ಕೂರಬೇಕೆನಿಸಲಿಲ್ಲ.

ಶಿವಗಂಗಾಳ ಮನೆ ರಾಯಚೂರಿನಲ್ಲಿದೆ. ನಾನು ಹೋದಾಗ ತನ್ನ ಮಗಳಿಗಾಗಿ ಅವಳು ಓವನ್ನಿನಲ್ಲಿ ಬಿಸ್ಕೀಟು ಮಾಡುತ್ತಿದ್ದಳು, ಫೋನು ನೋಡಿಕೊಂಡು, ಪಾಕೀಟಿನ ಕೊಬ್ಬರಿ ಪುಡಿ ಹಾಕಿ. ಬೇರೆ ದಿನವಾಗಿದ್ದರೆ ಆ ಪುಡಿಯನ್ನು ಮೂಸಿ ನಾಲ್ಕು ಮಾತು ಆಡುತ್ತಿದ್ದೆ. ಅಂದು ಕೂತು ಎಲ್ಲವನ್ನೂ ಹೇಳಿ ಅತ್ತೆ. ಅವಳು ಕಲಸುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ಆ ಬಿಸ್ಕೀಟಿನ ವಾಸನಿ ಇನ್ನಾ ನನ್ನ ಮೂಗಿನ್ಯಾಗ ಅದ ಯವ್ವಾ," ಎಂದಳು. "ನನ್ನ ಮುಂದ ಅತ್ರ ಏನು ಬಂತು? ಮಂದಿ ಮುಂದ ಅಂದೀದಿ, ಮಂದಿ ಮುಂದ ಹೋಗಿ ಹೇಳು."

ಮರುದಿನವೇ ಮಾನ್ವಿಗೆ ಬಂದು, ಬೇಳೆ ಡಬ್ಬಿಯಲ್ಲಿದ್ದ ಬಟ್ಟಲುಗಳಲ್ಲಿ ಒಳ್ಳೆಯವನ್ನು ಆರಿಸಿ ಅರಿವೆಯಲ್ಲಿ ಗಂಟು ಕಟ್ಟಿದೆ. ಜನ ಇರುವ ಹೊತ್ತು ನೋಡಿಕೊಂಡೇ ಭಟ್ಟಿಗೆ ಹೋದೆ. ಪಾಷಾ ಅವರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ, "ಬರ್ರಿ ಅಮ್ಮಾರ," ಎಂದರು. ಹಿಂದೆ ಎನ್ನುತ್ತಿದ್ದ ಹಾಗೆಯೇ.

ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಆರು ವರ್ಷದ ಹಿಂದ ಇದ ಜಾಗದಾಗ ನಿಮಗ ಕಳ್ಳ ಅಂದೀನಿ. ನನ್ನ ಕೊಬ್ಬರಿ ಈ ಡಬ್ಬ್ಯಾಗೇ ಇತ್ತು. ನೋಡ್ರಿ ಅಂದ್ರೂ ನಾ ನೋಡ್ಲಿಲ್ಲ. ತಪ್ಪು ನಂದು. ಕಾಲಿಗಿ ಬೀಳ್ತೀನಿ."

"ಛೇ ಛೇ, ಹಂಗ ಅನಬಾರದು," ಎಂದು ಪಾಷಾ ಹಿಂದೆ ಸರಿದರು. "ಆಗಿದ್ದು ಆಗಿ ಹೋತು ಬಿಡ್ರಿ. ನಾ ಯಾವಾಗೋ ಮರತೀನಿ." ಆತಿಯಾ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿ ಮತ್ತೆ ಮುಚ್ಚಿದಳು.

ನನ್ನ ಎದೆ ಹಗುರಾಯಿತು ಅಂದುಕೊಂಡೆ. ಗಂಟನ್ನು ಅವಳ ಮುಂದಿಟ್ಟು, "ಮೊಮ್ಮಗಳಿಗಿ ಬಿಸ್ಕೀಟು ಮಾಡಿಕೊಡವ್ವಾ. ಒಳಗ ಒಯ್ದು ಹ್ಯಾಂಗ ಬೇಕೋ ಹಾಂಗ ಮಾಡು, ಸಂಜಿಕ ಬಂದು ಒಯ್ತೀನಿ," ಎಂದೆ.

"ಇಲ್ರೀ ಅಮ್ಮಾರ," ಪಾಷಾ ಸ್ಟೂಲನ್ನು ಎಳೆದು ಟವೆಲ್ಲಿನಿಂದ ಒರೆಸಿದರು. "ಕುಂದರ್ರಿ. ನಿಮ್ಮ ಮುಂದ ಮಾಡ್ತೀವಿ."

"ನನಗ ನೋಡೋದು ಬ್ಯಾಡ್ರಿ. ನಿಮ್ಮ ಮ್ಯಾಲ ನಂಬಿಕಿ ಅದ."

"ಇರ್ಲಿ ಬಿಡ್ರಿ. ಎಲ್ಲಾರಿಗೂ ಹಿಂಗ ಮಾಡ್ತೀವಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎದುರಾಡಿ ಜಗಳ ಆಡಿಯಾದರೂ ಗೆಲ್ಲುತ್ತಿದ್ದೆ. ನಾನಿಲ್ಲದಿದ್ದರೆ ಮಾಡಿಯೇ ಮಾಡುತ್ತಾರೆ ಎಂದುಕೊಂಡು, ಕೆಲಸವಿದೆ ಎಂದು ಸುಳ್ಳು ಹೇಳಿ ಬಸ್‌ಸ್ಟ್ಯಾಂಡಿಗೆ ಹೋಗಿ ಬೆಂಚಿನ ಮೇಲೆ ಕೂತೆ. ರಾಯಚೂರು ಬಸ್ಸುಗಳು ಎರಡು ಬಂದವು, ಎರಡೂ ಹೋದವು. ಒಂದೂವರೆ ತಾಸಿನ ನಂತರ ಹಿಂತಿರುಗಿದೆ.

ನಾನು ಇಟ್ಟ ಜಾಗದಲ್ಲೇ ಗಂಟು ಇತ್ತು. ಕಟ್ಟಿದ ಗಂಟು ಬಿಚ್ಚಿರಲಿಲ್ಲ. ನನ್ನ ನಂತರ ಬಂದವರ ಟ್ರೇಗಳು ಬೆಂದು ಹೊರಗೆ ಬಂದಿದ್ದವು. ಸ್ಟೂಲು ಖಾಲಿಯಿತ್ತು. ಪಾಷಾ ನನ್ನನ್ನು ಕಂಡದ್ದೇ ಮತ್ತೊಮ್ಮೆ ಅದನ್ನು ಒರೆಸಿದರು.

ಕೂತೆ. ನಾನು ಕೂತ ಮೇಲೆಯೇ ಆತಿಯಾ ಗಂಟು ಬಿಚ್ಚಿದಳು. ಒಂದೊಂದು ಬಟ್ಟಲನ್ನೂ ನನ್ನ ಕಡೆ ತಿರುಗಿಸಿ ತೋರಿಸಿ ಪಕ್ಕಕ್ಕಿಟ್ಟಳು. ಆಮೇಲೆ ತುರಿಯಲು ಶುರುಮಾಡಿದಳು. ಬಿಳಿಯ ತುರಿಯ ಜೊತೆಗೆ ಕಂದು ಬೆನ್ನೂ ತಟ್ಟೆಗೆ ಬೀಳತೊಡಗಿತು. ತಡೆಯಲಾರದೆ ಕೇಳಿದೆ.

"ಬೆನ್ನು ಹೆರಿಯಂಗಿಲ್ಲೇನವ್ವಾ?"

"ಈಗ ಯಾರ್ದೂ ಹೆರಿಯಂಗಿಲ್ರೀ," ಎಂದಳು ಆತಿಯಾ, ಕೈ ನಿಲ್ಲಿಸದೆ. "ಬೆಳ್ಳಗ ಬಂದ್ರ ಮಂದಿ ಕೇಳ್ತಾರ. ಚುಕ್ಕಿ ಇರ್ಬೇಕು."

ಅವಳ ಬಲಗೈಯ ಎರಡು ಬೆರಳುಗಳ ಮೇಲೆ ಹಳೆಯ ಗಾಯದ ಗೆರೆಗಳಿದ್ದವು. ನೋಡಬಾರದೆಂದು ಬಂದವಳು, ಕೊನೆಯ ಬಟ್ಟಲು ಮುಗಿಯುವ ತನಕ ಕಣ್ಣು ತೆಗೆಯದೆ ನೋಡುತ್ತಾ ಕೂತೆ. ನೋಡದಿದ್ದರೆ ಅವಳು ಕೈ ನಿಲ್ಲಿಸುತ್ತಿದ್ದಳು.