ಹೊರಡಬ್ಬದ ನೀರು

ನಲವತ್ತೆರಡು ತುಂಬಿ ಕನ್ನಡಕ ಬಂದಿದ್ದರೂ ಅಪ್ಪನ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ಕಚೇರಿಯಲ್ಲಿ ಮಾತ್ರ ಮಳೆ ಮೇಡಂ. ಎಂದೋ ಬಿದ್ದು, ಹರಿದು, ಇಂಗಿಹೋದ ಮಳೆಯನ್ನು ಈಗ ಕೂತು ಅಳೆಯುವುದು ಅವಳ ಕೆಲಸ ಅಂದರೆ ಜನ ನಗುತ್ತಾರೆ. ನಗಲಿ ಬಿಡಿ. ದೇಶದ ಎರಡು ಸಾವಿರ ಊರುಗಳಲ್ಲಿ ಯಾರೋ ಪುಣ್ಯಾತ್ಮರು ನೂರು ವರ್ಷದಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕ ಬಿಚ್ಚಿ, ಇಷ್ಟು ಮಿಲಿಮೀಟರ್ ಎಂದು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದಾರೆ. ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಮಾಪಕವೇ ಇಲ್ಲದ ಕಡೆ ಎಷ್ಟು ಸುರಿದಿರಬಹುದೆಂದು ಅಕ್ಕಪಕ್ಕದ ಊರುಗಳಿಂದ ಅಂದಾಜು ಮಾಡಿ, ದಿನಕ್ಕೊಂದರಂತೆ ದೇಶದ ನಕ್ಷೆ ತೆಗೆಯಬೇಕು. ಜೋರು ಮಳೆಗೆ ಕಡುನೀಲಿ, ಕಡಿಮೆಯಾದಂತೆ ತೆಳು.

ಮೂವತ್ತೆರಡು ವರ್ಷದ ಹಿಂದಿನ ಒಂದು ದಿನದ ನಕ್ಷೆಯಲ್ಲಿ ತೂತು ಬಿದ್ದಿತ್ತು. ಸುತ್ತಲೂ ಕಡುನೀಲಿ, ನಡುವೆ ನದಿ ದಂಡೆಯ ಒಂದೇ ಒಂದು ಊರಿನ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಹಾಗೆ ಪೇಲವ ಕಲೆ. ಪಕ್ಕದ ಊರುಗಳಲ್ಲೆಲ್ಲ ಇನ್ನೂರರ ಮೇಲೆ, ಇಲ್ಲಿ ಬರೀ ಎಪ್ಪತ್ತೈದು. ಲೆಕ್ಕದ ವಿಧಾನ ಬದಲಿಸಿದಳು. ಬಣ್ಣ ಬದಲಿಸಿದಳು. ಕಲೆ ಕದಲಲಿಲ್ಲ. ಊಟಕ್ಕೆ ಕೂತರೆ ತಟ್ಟೆಯಲ್ಲೂ ಅದೇ ಕಾಣತೊಡಗಿತು.

ಅದು ಅವಳದೇ ಊರು. ಆ ಎಪ್ಪತ್ತೈದನ್ನು ಬರೆದ ಕೈಯೂ ಅವಳದೇ.

ಆ ಊರಿನಲ್ಲಿ ಮಳೆ ಅಳೆಯುತ್ತಿದ್ದದ್ದು ಅಪ್ಪ. ನೂರು ಮಿಲಿಮೀಟರ್ ದಾಟಿದರೆ ಸೇತುವೆ ಕಚೇರಿಗೆ ಫೋನ್ ಮಾಡಬೇಕು, ಅವರು ಸೇತುವೆ ಮುಚ್ಚಬೇಕು, ಇದು ನಿಯಮ. ಆ ಬೆಳಿಗ್ಗೆ ಅಪ್ಪನಿಗೆ ಮೈ ಸುಡುವ ಜ್ವರ. ಹತ್ತು ವರ್ಷದ ಪುಟ್ಟಿ ಕೊಡೆ ಹಿಡಿದು ಹೋದಳು. ಮಾಪಕದ ಒಳಗಿನ ಬಾಟಲಿ ಕತ್ತಿನವರೆಗೂ ತುಂಬಿತ್ತು. ಅಳತೆ ಗ್ಲಾಸಿಗೆ ಸುರಿದು ಸುರಿದು ಲೆಕ್ಕ ಹಾಕಿ, ಎಪ್ಪತ್ತೈದು ಅಂತ ಬರೆದು, ದೊಡ್ಡ ಕೆಲಸ ಮಾಡಿದ ಗತ್ತಿನಲ್ಲಿ ಒಳಗೆ ಬಂದಳು. ಅಪ್ಪ ಮಲಗಿದಲ್ಲೇ ಸಹಿ ಹಾಕಿದರು.

ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಅಕ್ಕ ಕೇಳಿದಳು. "ಎಷ್ಟಾಗಿದ್ಯೇ ಮಳೆ?"

"ಎಪ್ಪತ್ತೈದು."

"ಅಷ್ಟೇನಾ? ಹಾಗಾದ್ರೆ ಹೋಗ್ಬರ್ತೀನಿ. ನದಿಯಾಚೆ ಹೊಲಿಗೆ ಅಂಗಡಿಯಲ್ಲಿ ಕಾಯ್ತಿರ್ತಾರೆ."

ಒಂಬತ್ತೂಕಾಲಿಗೆ ಸೇತುವೆ ಹೋಯಿತು, ಅದರ ಮೇಲಿದ್ದ ಹನ್ನೊಂದು ಜನರ ಜೊತೆ. ಊರು ಅಪ್ಪನ ಮೇಲೆ ಗೂಬೆ ಕೂರಿಸಿತು. "ಅಳೀದೇ ಬಾಯಿಗೆ ಬಂದಿದ್ದು ಬರ್ದಿದ್ದಾನೆ" ಅಂದರು. ಇಪ್ಪತ್ತಮೂರು ವರ್ಷ ಒಂದು ದಿನ ತಪ್ಪದೆ ಅಳೆದವರ ಅಂಗಳದಿಂದ ಮಾಪಕ ಕಿತ್ತೊಯ್ದರು. ಅಪ್ಪ ತುಟಿ ಎರಡು ಮಾಡಲಿಲ್ಲ.

ತಾನೇನು ಮಾಡಿದೆ ಎಂದು ಪುಟ್ಟಿಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ. ತರಬೇತಿಯ ಮೇಷ್ಟ್ರು ಮಾಪಕ ಬಿಚ್ಚಿ ತೋರಿಸುತ್ತ, "ಬಾಟ್ಲಿ ತುಂಬಿ ಚೆಲ್ಲಿದ್ದು ಈ ಹೊರಡಬ್ಬದಲ್ಲಿ ನಿಲ್ಲುತ್ತೆ. ಇದನ್ನೂ ಅಳೀಬೇಕು, ಮರೀಬೇಡಿ" ಎಂದರು. ಅವತ್ತು ಅವಳು ಅದರೊಳಗೆ ಇಣುಕಿಯೂ ನೋಡಿರಲಿಲ್ಲ. ಅಂದಿನಿಂದ ಮಳೆ ಬಂದ ಬೆಳಿಗ್ಗೆಯೆಲ್ಲ ಬಾಗಿಲ ಹತ್ತಿರ ಚಪ್ಪಲಿಯ ಸದ್ದು, ಅದೇ ಪ್ರಶ್ನೆ. ಎಷ್ಟಾಗಿದ್ಯೇ ಮಳೆ? ಹೇಳಿಕೊಳ್ಳೋಣವೆಂದರೆ ಅಪ್ಪನ ಮುಖ ನೋಡಲು ಧೈರ್ಯ ಬೇಕಲ್ಲ!

ಈಗ ನಿರ್ದೇಶಕರು ನಕ್ಷೆ ನೋಡಿ ಮೂಗು ಮುರಿದರು. "ಈ ಊರನ್ನೇ ಕಿತ್ತಾಕಿ ಮೇಡಂ. ಒಂದು ದಿನ ಹೀಗೆ ಬರ್ದವನು ಉಳಿದ ದಿನ ಏನ್ ಬರ್ದಿದ್ದಾನೋ! ಇಪ್ಪತ್ತಮೂರು ವರ್ಷದ ರಿಜಿಸ್ಟರೂ ಬೇಡ. ಕಾರಣದ ಕಾಲಂನಲ್ಲಿ 'ಅಳೆಯುವವರ ಬೇಜವಾಬ್ದಾರಿ' ಅಂತ ಹಾಕಿ ಕೈ ತೊಳ್ಕೊಳ್ಳಿ. ಪಕ್ಕದೂರಿನ ಅಂದಾಜಿನಿಂದ ತೂತು ತಾನೇ ಮುಚ್ಕೊಳ್ಳುತ್ತೆ. ನಾಳೆ ಕಳಿಸ್ಬೇಕು."

ಎಷ್ಟು ಸುಲಭ! ಅಪ್ಪನ ಹೆಸರಿಗೆ ಇನ್ನೊಂದು ಸಲ ಮಸಿ ಬಳಿದರೆ ಸಾಕು, ಅವಳ ಗುಟ್ಟು ಶಾಶ್ವತವಾಗಿ ಮುಚ್ಚಿಹೋಗುತ್ತದೆ.

ಮರುದಿನ ಎಂಟೂವರೆಗೆ ಅಪ್ಪ ಎಂದಿನಂತೆ ಬಾಲ್ಕನಿಯಲ್ಲಿ ಹಳೆಯ ಅಳತೆ ಗ್ಲಾಸನ್ನು ಒರೆಸುತ್ತ ಕೂತಿದ್ದರು. ಎಪ್ಪತ್ತೇಳರ ಅಪ್ಪನ ಬುದ್ಧಿ ಒಂದು ಹೊತ್ತು ಇದ್ದರೆ ಒಂದು ಹೊತ್ತು ಇಲ್ಲ.

"ಅಪ್ಪಾ," ಎಂದು ಅವಳು ಅವರ ಕಾಲ ಬಳಿ ಕೂತಳು. "ಅವತ್ತು ನಾನು ಬಾಟ್ಲಿ ಮಾತ್ರ ಅಳೆದಿದ್ದು. ಹೊರಡಬ್ಬ ನೋಡ್ಲೇ ಇಲ್ಲ. ಅಕ್ಕ ಹೋಗಿದ್ದು ನನ್ನಿಂದ."

ಅಪ್ಪ ಗ್ಲಾಸು ಒರೆಸುವುದನ್ನು ನಿಲ್ಲಿಸಲಿಲ್ಲ. "ನೂರ ಮೂವತ್ತೆಂಟು ಪಾಯಿಂಟ್ ನಾಲ್ಕು" ಎಂದರು.

"ಏನಪ್ಪಾ?"

"ಹೊರಡಬ್ಬದಲ್ಲಿ ಇದ್ದಿದ್ದು. ಸೇತುವೆ ಸುದ್ದಿ ಬಂದ್ಮೇಲೆ ಎದ್ದು ಹೋಗಿ ಅಳೆದೆ. ಅಳೆದು ಗಿಡದ ಬುಡಕ್ಕೆ ಚೆಲ್ಲಿದೆ."

"ಮತ್ತೆ ಯಾಕೆ ಬರೀಲಿಲ್ಲ?"

"ಬರ್ದಿದ್ರೆ, ಬೆಳಿಗ್ಗೆ ಅಳೆದೋರು ಯಾರು ಅಂತ ಕೇಳ್ತಿದ್ರು. ಒಂದು ಮಗು ನದಿಗೆ ಹೋಗಿತ್ತು. ಇನ್ನೊಂದನ್ನ ಊರಿನ ಬಾಯಿಗೆ ಕೊಡ್ಲಾ?"

ಪುಟ್ಟಿ ಅವರ ಮೊಣಕಾಲಿಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು.

ಕಚೇರಿಯಲ್ಲಿ ಎಪ್ಪತ್ತೈದನ್ನು ಅಳಿಸಿ 213.4 ಎಂದು ತುಂಬಿದಳು. ಕಾರಣದ ಕಾಲಂನಲ್ಲಿ ಬರೆದಳು: ಅಳೆಯುವವರಿಗೆ ಜ್ವರವಿತ್ತು. ಹತ್ತು ವರ್ಷದ ಮಗಳು ಬಾಟಲಿಯನ್ನು ಮಾತ್ರ ಅಳೆದಳು. ಹೊರಡಬ್ಬದ ನೀರನ್ನು ಅವರೇ ನಂತರ ಅಳೆದರು. ಉಳಿದ ದಿನಗಳ ದಾಖಲೆ ಸರಿಯಾಗಿದೆ. ಆ ಮಗಳು ನಾನು.

ಓದಿದ ನಿರ್ದೇಶಕರು ಕೊನೆಯ ಮೂರು ಪದಗಳ ಮೇಲೆ ಬೆರಳಿಟ್ಟರು. "ಕೊನೇ ಸಾಲು ಬೇಕಾ ಮೇಡಂ?"

"ಇರ್ಲಿ ಸಾರ್."

ತೂತು ಮುಚ್ಚಿತು. ಆ ದಿನದ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡುನೀಲಿ ಈಗ ಅವಳ ಊರೇ. ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದಳು, ಪಾಪ. ಸಂಜೆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಬೆನ್ನ ಹಿಂದೆ ಮತ್ತೆ ಅದೇ ಪ್ರಶ್ನೆ.

ಅಪ್ಪ ಹಾಸಿಗೆಯಲ್ಲಿದ್ದರು. ಮೈ ಬೆಚ್ಚಗಿತ್ತು, ಕಣ್ಣು ಎಲ್ಲೋ ನೆಟ್ಟಿತ್ತು. "ಬರೆದ್ಯಾ ಪುಟ್ಟಿ?"

"ಬರೆದೆ ಅಪ್ಪ. ಇನ್ನೂರ ಹದಿಮೂರು ಪಾಯಿಂಟ್ ನಾಲ್ಕು."

ಅಪ್ಪ ದಡಬಡಿಸಿ ಎದ್ದು ಕೂತರು. "ಅಯ್ಯೋ, ನೂರು ದಾಟ್ತಲ್ಲೇ! ಸೇತುವೆ ಕಚೇರಿಗೆ ಫೋನ್ ಮಾಡಿದ್ಯಾ?"

ಅವಳು ಹಾಸಿಗೆಯ ಅಂಚಿನಲ್ಲಿ ಕೂತಳು. "ಮಾಡ್ದೆ ಅಪ್ಪ."

"ಮುಚ್ಚಿದ್ರಾ?"

"ಮುಚ್ಚಿದ್ರು."

ಅಪ್ಪ ಉಸಿರು ಬಿಟ್ಟು ಮತ್ತೆ ಮಲಗಿ ಹೊದಿಕೆ ಎಳೆದುಕೊಂಡರು. "ಹಾಗಾದ್ರೆ ಅಕ್ಕನ್ನ ಎಬ್ಬಿಸ್ಬೇಡ. ಇವತ್ತೊಂದಿನ ಮಲಗ್ಲಿ."

ಪುಟ್ಟಿ ಎದ್ದು ಹೋಗಿ, ಪಕ್ಕದ ಖಾಲಿ ಕೋಣೆಯ ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು.